ಕಾಲಿಗೆ ರವಿಕೆ ಬಟ್ಟೆ ಕಟ್ಟಿದ ಕೋಳಿಗಳು

ನಾನು ಸಿದ್ಧಕಟ್ಟೆಯಲ್ಲಿ ರವಿಕೆ ಹೊಲಿಯುವವಳು. ಕೋಳಿ ಸಾಕಬೇಕೆಂದು ಎಂದೂ ಅಂದುಕೊಂಡವಳಲ್ಲ. ಅದು ಶುರುವಾದದ್ದು ಬಸ್ಸಿನಲ್ಲಿ.

ಮೂಡುಬಿದಿರೆಯಿಂದ ಲೈನಿಂಗ್ ಬಟ್ಟೆ, ನೂಲುಂಡೆ, ಹುಕ್ಕಿನ ಪೊಟ್ಟಣ ತೆಗೆದುಕೊಂಡು ಮನೆಗೆ ಬರುತ್ತಿದ್ದೆ. ಪಕ್ಕದಲ್ಲಿ ಅರುವತ್ತು ದಾಟಿದ ಹೆಂಗಸೊಬ್ಬರು ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬುಟ್ಟಿಯ ಬಾಯಿಗೆ ಮೈ ಒರೆಸುವ ಹಳೆಯ ಬೈರಾಸು ಬಿಗಿದಿತ್ತು. ಒಂದು ತಿರುವಿನಲ್ಲಿ ಬಸ್ಸು ವಾಲಿದಾಗ ಬೈರಾಸಿನ ಹರಕಿನಿಂದ ಒಂದು ತಲೆ ಹೊರಬಂತು. ಕೆಂಪು ಜುಟ್ಟು, ದುಂಡು ಕಣ್ಣು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಮುಂದಿನ ತಿರುವಿನಲ್ಲಿ ಇಡೀ ಕೋಳಿ ನನ್ನ ಮಡಿಲಲ್ಲಿತ್ತು.

ಆ ಹೆಂಗಸು ಗಾಬರಿಯಾಗಲಿಲ್ಲ. ಕೋಳಿಯ ಎರಡೂ ರೆಕ್ಕೆ ಒಟ್ಟಿಗೆ ಹಿಡಿದು ಬುಟ್ಟಿಯೊಳಗೆ ಒತ್ತಿದರು. ಕಂಡಕ್ಟರ್ ಬಂದು, "ಅಕ್ಕ, ಅದಕ್ಕೆ ಹಾಫ್ ಟಿಕೆಟಾ, ಫುಲ್ಲಾ?" ಎಂದ. ಬೈರಾಸಿನ ಹರಕು ಈಗ ಒಂದು ಗೇಣಾಗಿತ್ತು. ನನ್ನ ಚೀಲದಲ್ಲಿ ಸೂಜಿ ನೂಲು ಯಾವಾಗಲೂ ಇರುತ್ತದೆ. ಅವರು ಕೋಳಿಯನ್ನು ಒತ್ತಿ ಹಿಡಿದರು, ನಾನು ಓಡುವ ಬಸ್ಸಿನಲ್ಲೇ ಹರಕನ್ನು ಹೊಲಿದೆ. ಎರಡು ಸಲ ನನ್ನ ಬೆರಳಿಗೇ ಚುಚ್ಚಿಕೊಂಡೆ. ಕೋಳಿಗೆ ಒಮ್ಮೆಯೂ ತಾಗಲಿಲ್ಲ.

"ಒಳ್ಳೆ ಕೈ ಮಾರಾಯ್ತಿ ನಿನ್ನದು," ಎಂದರು ಅವರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಅವರ ಊರು ಶಿರ್ತಾಡಿ. ಮಗಳನ್ನು ಕೊಟ್ಟದ್ದು ನಮ್ಮ ಊರಿನ ಆಚೆ. ಬುಟ್ಟಿಯಲ್ಲಿದ್ದದ್ದು ಕಾವು ಕೂರಲು ತಯಾರಾಗಿದ್ದ ಹೇಂಟೆ. "ಮಗಳ ಹತ್ತಿರ ಮೊಟ್ಟೆ ಉಂಟು, ಕೂರುವ ಕೋಳಿ ಇಲ್ಲ. ನನ್ನ ಹತ್ತಿರ ಕೂರುವ ಕೋಳಿ ಉಂಟು, ಮೊಟ್ಟೆ ಇಲ್ಲ," ಎಂದು ವಿವರಿಸಿದರು. ಇಳಿಯುವ ಮೊದಲು ನನ್ನ ಅಂಗಳ ಎಷ್ಟು ದೊಡ್ಡದು, ನಾಯಿ ಉಂಟಾ, ಪಕ್ಕದ ಮನೆಯವರು ತರಕಾರಿ ಬೆಳೆಸುತ್ತಾರಾ ಎಂದೆಲ್ಲ ವಿಚಾರಿಸಿಕೊಂಡರು. ಮದುವೆಗೆ ಗಂಡು ನೋಡುವವರೂ ಅಷ್ಟು ಕೇಳುವುದಿಲ್ಲ.

"ಮೂರು ತಿಂಗಳು ಬಿಟ್ಟು ಬಾ. ಮರಿ ಕೊಡ್ತೇನೆ," ಎಂದರು.

ಹೋದೆ. ಆರು ಮರಿ ಕೊಟ್ಟರು. ಅಂದಿನಿಂದ ಅವರು ನನಗೆ ಅಕ್ಕ.

ನನ್ನ ಗಂಡ ರಿಕ್ಷಾ ಓಡಿಸುವವರು. ರಿಕ್ಷಾದ ಹಳೆಯ ಸೀಟಿನ ಹಲಗೆ, ಮನೆಯ ಮಾಡಿನಿಂದ ತೆಗೆದ ಮರದ ಪಕ್ಕಾಸು, ಎಲ್ಲಿಂದಲೋ ತಂದ ತಂತಿಬಲೆ ಸೇರಿಸಿ ಅವರೇ ಗೂಡು ಮಾಡಿಕೊಟ್ಟರು. ಮಾಡುವಾಗ, "ಇದರಲ್ಲಿ ಸಾರಿಗೆ ಯಾವುದು, ಮೊಟ್ಟೆಗೆ ಯಾವುದು, ಈಗಲೇ ಹೇಳಿಬಿಡು," ಎಂದರು. ನನಗೂ ಗೊತ್ತಿರಲಿಲ್ಲ. ಆರು ಮರಿಗಳು ದೊಡ್ಡವಾಗಿ, ಮೊಟ್ಟೆಯಿಟ್ಟು, ಕಾವು ಕೂತು, ಒಂದೂವರೆ ವರ್ಷದಲ್ಲಿ ಹನ್ನೊಂದಾದವು. ನಡುವೆ ಒಂದನ್ನು ಹದ್ದು, ಎರಡನ್ನು ಮುಂಗುಸಿ ಒಯ್ದವು. ಎರಡು ಹುಂಜಗಳನ್ನು ಏನು ಮಾಡಿದೆವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ದಿನ ನಾನು ಸಾರು ಮುಟ್ಟದೆ ಬರೀ ರೊಟ್ಟಿ ತಿಂದೆ.

ಅಕ್ಕನೇ ನನ್ನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದ್ದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಲವತ್ತು ಚಿಲ್ಲರೆ ಜನ, ಎಲ್ಲರೂ ಅಂಗಳದಲ್ಲಿ ಹತ್ತೋ ಹದಿನೈದೋ ಕೋಳಿ ಇಟ್ಟುಕೊಂಡವರು. ನಡೆಸುವವರು ಉಜಿರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಭಟ್ಟರು. ಅವರು ಮೊಟ್ಟೆಯನ್ನೂ ತಿನ್ನದವರು. ಹಾಸ್ಟೆಲಿನಲ್ಲಿ ಉಳಿದ ಅನ್ನ ಚೆಲ್ಲಲು ಮನಸ್ಸಾಗದೆ ಹಿತ್ತಿಲಲ್ಲಿ ಕೋಳಿ ಸಾಕಿದವರು. ಅವರ ಕೋಳಿಗಳು ಮುದಿಯಾಗಿ, ತಾವಾಗಿಯೇ ಸತ್ತು ಹೋಗುವ ಭಾಗ್ಯ ಪಡೆದವು. ಗುಂಪಿನಲ್ಲಿ ರಾಜಕೀಯ ಇಲ್ಲ, ಶುಭೋದಯದ ಚಿತ್ರ ಇಲ್ಲ ಎಂದು ಅವರು ನಿಯಮ ಮಾಡಿದ್ದರು. ಮೊದಲನೆಯದು ನಡೆಯಿತು. ಎರಡನೆಯದಕ್ಕೆ ಜನ ತಮ್ಮ ಹುಂಜದ ಚಿತ್ರ ಹಾಕಿ, ಅದರ ಕೆಳಗೆ ಶುಭೋದಯ ಬರೆದರು.

ನನಗೆ ಆ ಗುಂಪು ಹುಚ್ಚು ಹಿಡಿಸಿತು. ರವಿಕೆಗೆ ಕೈ ಕೂರಿಸುತ್ತಾ ಪಕ್ಕದಲ್ಲಿ ಫೋನ್ ಇಟ್ಟುಕೊಂಡಿರುತ್ತಿದ್ದೆ. ಒಬ್ಬರು, "ನನ್ನ ಕೋಳಿ ತನ್ನ ಮೊಟ್ಟೆ ತಾನೇ ತಿನ್ನುತ್ತದೆ, ಎಂತ ಮಾಡುದು?" ಎಂದು ಕೇಳಿದರೆ, ಇನ್ನೊಬ್ಬರು ಮೊಟ್ಟೆಯೊಳಗೆ ಮೆಣಸಿನ ಪುಡಿ ತುಂಬಿಸಿಡಿ ಎನ್ನುತ್ತಿದ್ದರು. ಮಾರನೆಯ ದಿನ ಉತ್ತರ ಬರುತ್ತಿತ್ತು: "ಇಟ್ಟೆ. ಈಗ ಅದಕ್ಕೆ ಮೆಣಸು ಹಾಕಿದ್ದೇ ಬೇಕು."

ಅಕ್ಕನಿಗೆ ಓದು ಬರಹ ಕಡಿಮೆ. ಅವರು ಕಳಿಸುವುದು ಧ್ವನಿ ಸಂದೇಶ ಮಾತ್ರ. ಪ್ರತಿ ಸಲವೂ "ಹಲೋ, ಕೇಳ್ತದಾ?" ಎಂದು ಶುರು ಮಾಡಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯುತ್ತಾರೆ. ಆ ಮೌನದಲ್ಲಿ ಹಿಂದಿನಿಂದ ಅವರ ಕೋಳಿಗಳು ಮಾತಾಡುವುದು ಕೇಳುತ್ತದೆ. ನಾನು ಆ ಸಂದೇಶ ಕೇಳಲು ಹಾಕಿದರೆ ನನ್ನ ಅಂಗಳದ ಕೋಳಿಗಳು ಕೆದಕುವುದು ಬಿಟ್ಟು ತಲೆ ಎತ್ತುತ್ತಿದ್ದವು.

ಅಕ್ಕನಿಗೆ ಗುಂಪಿನಲ್ಲಿ ಒಬ್ಬರೇ ಎದುರಾಳಿ. ಬೆಳ್ತಂಗಡಿಯ ಹತ್ತಿರದವರು, ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದು ಊರಿಗೆ ಬಂದವರು. ಅವರ ಮನೆಯಲ್ಲಿ ಮೊಟ್ಟೆ ಮರಿ ಮಾಡುವ ಯಂತ್ರ ಇತ್ತು. ಶಾಖ ಎಷ್ಟು, ತೇವ ಎಷ್ಟು ಎಂದು ದಿನವೂ ಅದರ ಚಿತ್ರ ಹಾಕುತ್ತಿದ್ದರು. ಕಾವು ಕೂರುವ ಹೇಂಟೆ ಎಂದರೆ ಅವರಿಗೆ ಆಗದು. "ಮೂರು ವಾರ ಕೂತುಕೊಳ್ತದೆ, ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ. ಅಷ್ಟು ದಿನ ಮೊಟ್ಟೆ ಇಲ್ಲ. ಎಂತಕ್ಕೆ ಅದು?" ಎಂದು ಬರೆಯುವರು. ಅಕ್ಕ ಅದನ್ನು ಯಾರಿಂದಲೋ ಓದಿಸಿಕೊಂಡು, "ಹಲೋ, ಕೇಳ್ತದಾ? ನಿಮ್ಮ ಮಿಷನ್ನು ಮರಿಗೆ ಗೆದ್ದಲು ಹುಡುಕ್ಲಿಕ್ಕೆ ಹೇಳಿಕೊಡ್ತದಾ?" ಎಂದು ಕೇಳುವರು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಬಿಟ್ಟು ನನ್ನ ಕೋಳಿಗಳೆಲ್ಲ ಸತ್ತವು.

ತಪ್ಪು ನನ್ನದೇ. ಗಂಡನ ಕಡೆಯ ನೆಂಟರೊಬ್ಬರು ಒಂದು ಹುಂಜ ತಂದುಕೊಟ್ಟರು. ಮೈಯೆಲ್ಲ ಬೆಂಕಿಯ ಬಣ್ಣ, ಬಾಲದಲ್ಲಿ ಕಪ್ಪು ಹಸಿರು. ಹೊಸ ಕೋಳಿ ಬಂದರೆ ಹದಿನೈದು ದಿನ ಬೇರೆ ಇಡಬೇಕೆಂದು ಗುಂಪಿನಲ್ಲಿ ಎಷ್ಟು ಸಲ ಬಂದಿತ್ತೋ. ನಾನೇ ಬೇರೆಯವರಿಗೆ ಅದನ್ನು ಹೇಳಿದ್ದೆ. ಆದರೆ ಆ ಹುಂಜವನ್ನು ನೋಡಿದಾಗ ಗೂಡಿನ ಹಿಂದೆ ಬುಟ್ಟಿಯಡಿ ಮುಚ್ಚಿಡಲು ಮನಸ್ಸಾಗಲಿಲ್ಲ. ಅಂಗಳಕ್ಕೆ ಬಿಟ್ಟು, ಹೇಂಟೆಗಳ ನಡುವೆ ಅದು ಗತ್ತಿನಿಂದ ನಡೆಯುವ ಚಿತ್ರ ತೆಗೆದು ಗುಂಪಿಗೆ ಹಾಕಿದೆ. ಮೂವತ್ತು ಜನ ಮೆಚ್ಚಿದರು. ಅಕ್ಕ ಮಾತ್ರ, "ಹಲೋ, ಕೇಳ್ತದಾ? ಎಲ್ಲಿಯದು ಅದು?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಆರನೆಯ ದಿನ ಹುಂಜ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತು. ಹಿಕ್ಕೆ ಹಸಿರಾಗಿತ್ತು. ಮಾರನೆಯ ದಿನ ಕತ್ತು ತಿರುಚಿಕೊಂಡಿತು. ಆಮೇಲೆ ಒಂದೊಂದಾಗಿ ಹೇಂಟೆಗಳು. ಬಾಯಿ ತೆರೆದು ಉಸಿರೆಳೆಯುವ ಸದ್ದು ನನ್ನ ಹೊಲಿಗೆ ಕೋಣೆಯವರೆಗೆ ಕೇಳುತ್ತಿತ್ತು. ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿಯ ಡಾಕ್ಟರ್ ಮೇಡಂ ನಾನು ಹೇಳಿದ್ದನ್ನು ಕೇಳಿ, "ಕೊಕ್ಕರೆ ರೋಗ. ಬಂದ ಮೇಲೆ ಮದ್ದಿಲ್ಲ. ಮೊದಲೇ ಚುಚ್ಚುಮದ್ದು ಹಾಕಿಸಬೇಕಿತ್ತು," ಎಂದರು.

ಚುಚ್ಚುಮದ್ದಿನ ವಿಷಯ ನನಗೆ ಗೊತ್ತಿತ್ತು. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಮದ್ದು. ನೀರು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಹನ್ನೊಂದು ಕೋಳಿಗೆ ಅಷ್ಟು ದೊಡ್ಡ ಸೀಸೆ ಯಾಕೆಂದು ಮುಂದೂಡಿದ್ದೆ. ನಮ್ಮ ಗುಂಪಿನ ಹೆಚ್ಚಿನವರೂ ಹಾಗೆಯೇ ಮುಂದೂಡಿದವರು.

ಎಂಟು ದಿನದಲ್ಲಿ ಹತ್ತು ಹೇಂಟೆ, ಒಂದು ಹುಂಜ ಹೋದವು. ನನ್ನ ಗಂಡ ಪ್ರತಿದಿನ ಬೆಳಿಗ್ಗೆ ರಿಕ್ಷಾ ತೆಗೆಯುವ ಮೊದಲು ಹಾರೆ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. ಆಳವಾಗಿ ತೋಡಿ, ಸುಣ್ಣ ಹಾಕಿ ಮುಚ್ಚಿ, ಕೈ ತೊಳೆದು ಬಂದು ಚಾ ಕುಡಿಯುತ್ತಿದ್ದರು. ಸಾರಿನ ಮಾತು ಅವರ ಬಾಯಿಂದ ಬರಲಿಲ್ಲ. ಉಳಿದದ್ದು ಒಂದು ಬೂದು ಬಣ್ಣದ ಹೇಂಟೆ. ಅದು ಎಲ್ಲಕ್ಕಿಂತ ಸಣಕಲು, ಯಾವಾಗಲೂ ಬೇರೆಯವುಗಳಿಂದ ಕುಕ್ಕಿಸಿಕೊಳ್ಳುತ್ತಿದ್ದದ್ದು. ಅದೇಕೆ ಉಳಿಯಿತೋ ಗೊತ್ತಿಲ್ಲ.

ಗುಂಪಿನಲ್ಲಿ ನಾನು ಬಾಯಿ ಬಿಡಲಿಲ್ಲ. ಯಾರೋ "ನಿಮ್ಮ ಹುಂಜ ಹೇಗುಂಟು?" ಎಂದು ಕೇಳಿದಾಗ, ಹಳೆಯ ಚಿತ್ರವನ್ನೇ ಮತ್ತೆ ಹಾಕಿದೆ. ಈಗ ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ. ಮೂರು ದಿನ ಆ ಸುಳ್ಳಿನೊಂದಿಗೆ ಹೊಲಿದೆ. ಒಂದು ರವಿಕೆಯ ಎರಡೂ ಕೈ ಒಂದೇ ಬದಿಗೆ ಕೂರಿಸಿದೆ. ನಾಲ್ಕನೆಯ ದಿನ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಎಷ್ಟು ಉಳಿದಿದೆ?"

"ಒಂದು."

"ನಾಳೆ ಬರ್ತೇನೆ," ಎಂದು ಫೋನ್ ಇಟ್ಟರು.

ಬೆಳಿಗ್ಗೆ ಹತ್ತರ ಬಸ್ಸಿಗೆ ಬಂದರು. ಅಂಗಳಕ್ಕೆ ಕಾಲಿಡಲಿಲ್ಲ. ಚಪ್ಪಲಿಗೆ ರೋಗ ಅಂಟಿಕೊಂಡು ತಮ್ಮ ಮನೆಗೆ ಹೋಗಬಾರದೆಂದು ರಸ್ತೆ ಬದಿಯ ನನ್ನ ಹೊಲಿಗೆ ಕೋಣೆಯಲ್ಲೇ ಕೂತರು. ಗಿರಾಕಿಗಳು ಬಂದು ಹೋದರು, ಅವರು ಕೂತೇ ಇದ್ದರು. ನಾನು ಹುಂಜದ ಚಿತ್ರದ ವಿಷಯ ಹೇಳಿದಾಗ ನಗಲೂ ಇಲ್ಲ, ಬೈಯಲೂ ಇಲ್ಲ.

"ನನ್ನದು ಒಂದು ಸಲ ಮೂವತ್ತು ಹೋಗಿದೆ," ಎಂದರು. "ಆಗ ಇವರು ಬದುಕಿದ್ದರು. ಯಾರಾದರೂ ಕೇಳಿದರೆ ಮಾರಿದೆವು ಅಂತ ಹೇಳು ಅಂದಿದ್ದರು. ನಾನು ಹಾಗೆಯೇ ಹೇಳಿದೆ. ಆಮೇಲೆ ಪಕ್ಕದ ಮನೆಯದೂ ಹೋಯಿತು, ಅದರಾಚೆಯದೂ ಹೋಯಿತು. ನಾನು ಹೇಳಿದ್ದರೆ ಅವರು ತಮ್ಮದನ್ನು ಕಟ್ಟಿಹಾಕ್ತಿದ್ದರೋ ಏನೋ."

ನಾನು ಅಲ್ಲೇ ಫೋನ್ ತೆಗೆದು ಗುಂಪಿನಲ್ಲಿ ಬರೆದೆ. ನಡೆದದ್ದು, ಮುಚ್ಚಿಟ್ಟದ್ದು, ಎಲ್ಲ. ಬರೆದು ಫೋನನ್ನು ಬಟ್ಟೆಯ ರಾಶಿಯಡಿ ತಳ್ಳಿದೆ. ಐದು ನಿಮಿಷ ಬಿಟ್ಟು ಅದು ಗುಂಯ್ ಗುಂಯ್ ಎನ್ನತೊಡಗಿತು. ಒಬ್ಬರಾದ ಮೇಲೆ ಒಬ್ಬರು ತಮ್ಮ ಮನೆಯಲ್ಲಿ ಎಷ್ಟು ಸತ್ತಿವೆ, ಯಾವ ವರ್ಷ ಎಂದು ಬರೆಯುತ್ತಿದ್ದರು. ಯಾರೂ ಮೊದಲು ಹೇಳಿರಲಿಲ್ಲ. ಕೊನೆಗೆ ಉಜಿರೆಯ ಭಟ್ಟರು ಬರೆದರು: "ಹೀಗೆ ಒಬ್ಬೊಬ್ಬರೇ ಹೂಳುವ ಬದಲು ಎಲ್ಲರೂ ಸೇರಿ ಒಂದು ಸೀಸೆ ಒಡೆಯುವ ಮಾರಾಯ್ರೆ."

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಗೊತ್ತಾಯಿತು. ವೇಣೂರಿನ ಹತ್ತಿರ ಗುಂಪಿನವರೊಬ್ಬರ ಅಕ್ಕಿ ಗಿರಣಿ ಇದೆ, ದೊಡ್ಡ ಸಿಮೆಂಟಿನ ಅಂಗಳ. ಒಂದು ಸೀಸೆಗೆ ಆಗುವಷ್ಟೇ, ಹನ್ನೆರಡು ಮನೆಯವರು ಅಲ್ಲಿ ಸೇರುವುದು. ಡಾಕ್ಟರ್ ಮೇಡಂ ತಾವೇ ಬರುತ್ತೇನೆಂದರು. ಷರತ್ತು ಹಾಕಿದರು: ಕಳೆದ ಎರಡು ತಿಂಗಳಲ್ಲಿ ರೋಗ ಕಂಡ ಮನೆಯಿಂದ ಕೋಳಿ ತರಬಾರದು, ಬುಟ್ಟಿಯಿಂದ ಕೆಳಗೆ ಇಳಿಸಬಾರದು, ಬುಟ್ಟಿಗೆ ಬುಟ್ಟಿ ತಾಗಬಾರದು. ನನ್ನ ಬೂದು ಹೇಂಟೆ ರೋಗ ಗೆದ್ದದ್ದು, ಅದನ್ನು ಮನೆಯಲ್ಲೇ ಬಿಡಿ ಎಂದರು. ಹಾಗಾಗಿ ಕೋಳಿಯಿಲ್ಲದೆ ಬಂದವಳು ನಾನೊಬ್ಬಳೇ. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಒಂದು ಚೀಲ ರವಿಕೆ ಚೂರು ತಂದಿದ್ದೆ. ಯಾರ ಕೋಳಿ ಯಾವುದೆಂದು ಗೊತ್ತಾಗಲು ಒಂದೊಂದು ಮನೆಗೆ ಒಂದೊಂದು ಬಣ್ಣ, ಕಾಲಿಗೆ ಕಟ್ಟುವುದೆಂದು ನನ್ನ ಉಪಾಯ.

ಬಂದರು ನೋಡಿ ಜನ. ಸ್ಕೂಟರಿನ ಮುಂದೆ ಗೋಣಿ, ಕಾರಿನ ಡಿಕ್ಕಿಯಲ್ಲಿ ತೆಂಗಿನ ಗರಿಯ ಬುಟ್ಟಿ, ರಿಕ್ಷಾದಲ್ಲಿ ಹಣ್ಣಿನ ಕ್ರೇಟು. ಒಬ್ಬರು ತಮ್ಮ ಒಂದೇ ಒಂದು ಹುಂಜವನ್ನು ಕಂಕುಳಲ್ಲಿ ಹಿಡಿದು, ಬೈಕಿನ ಹಿಂದೆ ಕೂತು ಬಂದಿದ್ದರು. ಭಟ್ಟರು ಹಾಸ್ಟೆಲಿನ ಪಾತ್ರೆಯಲ್ಲಿ ಅವಲಕ್ಕಿ ತಂದಿದ್ದರು. ನಾನು ಬಾಗಿಲಲ್ಲೇ ಕೂತು ಕಾಲಿಗೆ ಬಟ್ಟೆ ಕಟ್ಟಿದೆ. ಹಳದಿ, ಗಿಳಿಹಸಿರು, ನವಿಲು ನೀಲಿ, ಕೇಸರಿ. ಅಕ್ಕನ ಏಳು ಕೋಳಿಗೆ ರಾಣಿ ಬಣ್ಣ, ಅಂದರೆ ಗಾಢ ಗುಲಾಬಿ.

ಬೆಳ್ತಂಗಡಿಯ ಅಣ್ಣನನ್ನು ಅಂದೇ ನೋಡಿದ್ದು. ಯಂತ್ರದ ಮಾತಾಡುವವರು ಎತ್ತರದ ಗಟ್ಟಿ ಆಸಾಮಿ ಎಂದುಕೊಂಡಿದ್ದೆ. ನೋಡಿದರೆ ಸಣ್ಣ ಆಳು, ಇಸ್ತ್ರಿ ಹಾಕಿದ ಅಂಗಿ, ಮೆತ್ತಗಿನ ದನಿ. ಅವರ ಹದಿನಾಲ್ಕಕ್ಕೆ ಬೀಟ್ರೂಟ್ ಬಣ್ಣ ಕಟ್ಟಿದೆ. ರಾಣಿಗೂ ಬೀಟ್ರೂಟಿಗೂ ನನ್ನ ಕಣ್ಣಿಗೆ ಹಗಲು ರಾತ್ರಿಯ ವ್ಯತ್ಯಾಸ. ಲೋಕಕ್ಕೆ ಹಾಗಿಲ್ಲವೆಂದು ಆಮೇಲೆ ಗೊತ್ತಾಯಿತು.

ಮೇಡಂ ಸೀಸೆ ಒಡೆದು ಮದ್ದು ಬೆರೆಸಿ, ಗಡಿಯಾರ ನೋಡಿಕೊಂಡರು. ರೆಕ್ಕೆ ಎತ್ತಿ, ಕೆಳಗಿನ ತೆಳು ಚರ್ಮ ಹಿಡಿದು, ಅದರಡಿಗೆ ಸೂಜಿ. ಹತ್ತು ಕೋಳಿ ಆಗುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಹಿಡಿಯುವವರು ಸರಿಯಾಗಿ ಹಿಡಿಯುತ್ತಿರಲಿಲ್ಲ, ಕೋಳಿಗಳು ಒದೆಯುತ್ತಿದ್ದವು.

"ಇನ್ನೊಬ್ಬರು ಬೇಕು," ಎಂದರು ಮೇಡಂ. "ಸೂಜಿ ಹಿಡಿದು ಅಭ್ಯಾಸ ಇರುವವರು ಯಾರಾದರೂ ಇದ್ದೀರಾ?"

ಅಕ್ಕ ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ದೂಡಿದರು. "ಇವಳಿದ್ದಾಳೆ. ಓಡುವ ಬಸ್ಸಿನಲ್ಲಿ ಹೊಲಿದವಳು."

ಮೇಡಂ ನಾಲ್ಕು ಸಲ ತೋರಿಸಿದರು, ನಾಲ್ಕು ಸಲ ನನ್ನಿಂದ ಮಾಡಿಸಿ ನೋಡಿದರು. ಕೋಳಿಯ ಚರ್ಮ ತೆಳು ವಾಯಿಲ್ ಬಟ್ಟೆಯ ಹಾಗೆ, ಅಡಿಯಲ್ಲಿ ಬೆಚ್ಚಗೆ ಏನೋ ಬಡಿಯುತ್ತಿರುತ್ತದೆ. ಐದನೆಯದರಿಂದ ಕೈ ತನ್ನ ಕೆಲಸ ಗುರುತಿಸಿತು. ಅಕ್ಕ ಹಿಡಿದರು, ನಾನು ಚುಚ್ಚಿದೆ. ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಕೊನೆಯ ಕೋಳಿ ಮುಗಿಯಿತು. ತೊಂಬತ್ತಾರು. ನನ್ನ ಒಂದು ಕೋಳಿಯೂ ಅದರಲ್ಲಿರಲಿಲ್ಲ, ಆದರೂ ಅಷ್ಟು ಹಗುರವಾದ ದಿನ ನನಗೆ ಬಹಳ ಕಾಲದಿಂದ ಬಂದಿರಲಿಲ್ಲ.

ಹೊರಡುವ ಗಡಿಬಿಡಿಯಲ್ಲಿ ಯಾರದೋ ಸ್ಕೂಟರ್ ಸ್ಟ್ಯಾಂಡಿನಿಂದ ಜಾರಿ ಅಕ್ಕನ ಬುಟ್ಟಿಗೆ ತಾಗಿತು. ಬುಟ್ಟಿ ಉರುಳಿ ಪಕ್ಕದಲ್ಲಿದ್ದ ಬೆಳ್ತಂಗಡಿ ಅಣ್ಣನ ಕ್ರೇಟಿಗೆ ಬಡಿಯಿತು, ಅದರ ಮುಚ್ಚಳವೂ ಹಾರಿತು. ಇಪ್ಪತ್ತೊಂದು ಕೋಳಿ ಸಿಮೆಂಟಿನ ಅಂಗಳದಲ್ಲಿ. ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಅಲ್ಲಿದ್ದವರೆಲ್ಲ ಪಂಚೆ ಎತ್ತಿ ಕಟ್ಟಿ, ಸೆರಗು ಸಿಕ್ಕಿಸಿ ಅಟ್ಟಿಸಿಕೊಂಡು ಹೋದರು. ಭಟ್ಟರು ಜೀವಮಾನದಲ್ಲಿ ಮೊದಲ ಸಲ ಅವಲಕ್ಕಿಯನ್ನು ಬೇಕೆಂದೇ ನೆಲಕ್ಕೆ ಚೆಲ್ಲಿ ಕೋಳಿಗಳನ್ನು ಕರೆದರು. ಎಲ್ಲವೂ ಸಿಕ್ಕಿದವು. ಏಳು ಬುಟ್ಟಿಗೆ, ಹದಿನಾಲ್ಕು ಕ್ರೇಟಿಗೆ. ಲೆಕ್ಕ ಸರಿಯಿತ್ತು, ಎಲ್ಲರೂ ಮನೆಗೆ ಹೋದರು.

ನಾಲ್ಕನೆಯ ದಿನ ಅಕ್ಕನ ಫೋನ್ ಬಂತು. "ನನ್ನ ಕಂದು ಹೇಂಟೆ ನನ್ನದಲ್ಲ."

"ಹಾಗೆಂದರೆ?"

"ನನ್ನದು ಅಡುಗೆಕೋಣೆಯ ಮೂಲೆಯಲ್ಲಿ ಬುಟ್ಟಿಯಲ್ಲಿ ಮಲಗ್ತದೆ. ಇದು ಸಂಜೆ ಆದರೆ ಹಲಸಿನ ಮರ ಹತ್ತುತ್ತದೆ. ನಾಲ್ಕು ದಿನದಿಂದ ದೋಟಿ ಹಿಡಿದು ಇಳಿಸ್ತಾ ಇದ್ದೇನೆ. ಮದ್ದಿನಿಂದ ತಲೆ ಕೆಟ್ಟಿರಬೇಕು ಅಂತ ಸುಮ್ಮನಿದ್ದೆ. ಇವತ್ತು ಕಾಲಿನ ಬಟ್ಟೆ ನೋಡಿದೆ. ಉಳಿದವುಗಳದ್ದಕ್ಕಿಂತ ಕಪ್ಪುಂಟು."

ನಾನು ಬೆಳ್ತಂಗಡಿ ಅಣ್ಣನಿಗೆ ಫೋನ್ ಮಾಡಿ, ಕಂದು ಹೇಂಟೆಗಳ ಕಾಲಿನ ಚಿತ್ರ ಕಳಿಸಲು ಹೇಳಿದೆ. ನಾಲ್ಕು ಚಿತ್ರ ಬಂದವು. ಮೂರು ಬೀಟ್ರೂಟ್, ಒಂದು ರಾಣಿ.

"ಎರಡೂ ಒಂದೇ ಬಣ್ಣ ಅಲ್ಲವಾ ಅಕ್ಕ?" ಎಂದರು ಅವರು.

"ಅಲ್ಲ. ಅದು ಶಿರ್ತಾಡಿ ಅಕ್ಕನ ಕೋಳಿ. ನಾಳೆಯೇ ಕಳಿಸಿಬಿಡಿ."

ಅವರು ಗಂಟಲು ಸರಿಮಾಡಿಕೊಂಡರು. "ಕಳಿಸ್ಲಿಕ್ಕೆ ಆಗುವುದಿಲ್ಲ. ಅದು ಕೂತಿದೆ."

ಯಂತ್ರಕ್ಕೆಂದು ಅವರು ಹನ್ನೆರಡು ಮೊಟ್ಟೆ ಆರಿಸಿ, ಉಗ್ರಾಣದಲ್ಲಿ ಉಮಿ ಹಾಕಿದ ಡಬ್ಬದಲ್ಲಿ ಇಟ್ಟಿದ್ದರಂತೆ. ಬಂದ ಎರಡನೆಯ ದಿನವೇ ಹೇಂಟೆ ಒಳಗೆ ನುಗ್ಗಿ ಅವುಗಳ ಮೇಲೆ ಕೂತಿದೆ. ತೆಗೆಯಲು ಹೋದರೆ ಕೈ ಕುಕ್ಕಿದೆ. ಹೆಂಡತಿ ಹೋದರೆ ಅವರಿಗೂ ಕುಕ್ಕಿದೆ.

ನಾನು ಅಕ್ಕನಿಗೆ ತಿಳಿಸಿದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಬದಲಿಗೆ, "ಕಾವಿಗೆ ಬರುವ ಲಕ್ಷಣ ಇತ್ತು ಅದಕ್ಕೆ. ಈಗ ಅಲ್ಲಾಡಿಸಿದರೆ ಮೊಟ್ಟೆ ಹಾಳು. ಅವರ ನಂಬರ್ ಕೊಡು," ಎಂದರು.

ಅಲ್ಲಿಂದ ಇಪ್ಪತ್ತು ದಿನ ಇಬ್ಬರೂ ದಿನವೂ ಮಾತಾಡಿದರು. ಅಕ್ಕ ಫೋನ್ ಮಾಡಿ, ಎದ್ದಿತಾ, ನೀರು ಕುಡಿಯಿತಾ, ಎಷ್ಟು ಹೊತ್ತಿಗೆ ವಾಪಸು ಕೂತಿತು ಎಂದು ಕೇಳುವರು. ಅಣ್ಣ ಮೊದಮೊದಲು ಹೌದು, ಇಲ್ಲ ಎಂದಷ್ಟೇ ಹೇಳುತ್ತಿದ್ದರಂತೆ. ಆಮೇಲೆ ಅವರೇ ಶುರು ಮಾಡಿದರು. ಗುಂಪಿನಲ್ಲಿ ಯಂತ್ರದ ಚಿತ್ರ ನಿಂತು ಹೇಂಟೆಯ ಚಿತ್ರ ಬರತೊಡಗಿತು. ಕೊಕ್ಕಿನಿಂದ ಒಂದೊಂದೇ ಮೊಟ್ಟೆ ಮಗುಚುವುದು, ಎದೆಯ ಗರಿ ಕಿತ್ತು ಬರಿಮೈಯನ್ನು ಮೊಟ್ಟೆಗೆ ತಾಗಿಸುವುದು. "ಇದನ್ನು ಯಾರು ಕಲಿಸಿದ್ದು?" ಎಂದು ಒಂದು ದಿನ ಬರೆದರು. ಯಾರೂ ತಮಾಷೆ ಮಾಡಲಿಲ್ಲ.

ಮರಿಯಾದ ಮರುದಿನ ಅಕ್ಕ ಮತ್ತು ನಾನು ಮೂಡುಬಿದಿರೆಯಲ್ಲಿ ಸೇರಿ, ವೇಣೂರು ಮಾರ್ಗವಾಗಿ ಬೆಳ್ತಂಗಡಿ ಬಸ್ಸು ಹತ್ತಿದೆವು. ಅಕ್ಕನ ಬುಟ್ಟಿಯಲ್ಲಿ ಮರ ಹತ್ತುವ ಹೇಂಟೆ ಇತ್ತು. ತಮ್ಮದನ್ನು ತರುವುದು, ಇದನ್ನು ಕೊಡುವುದು. ಅಣ್ಣ ಬಸ್ ನಿಲ್ದಾಣಕ್ಕೆ ಬಂದು ನಮ್ಮನ್ನು ಕರೆದುಕೊಂಡು ಹೋದರು.

ಉಗ್ರಾಣದಲ್ಲಿ ಹನ್ನೆರಡರಲ್ಲಿ ಎಂಟು ಮರಿ. ಹೇಂಟೆಯ ರೆಕ್ಕೆಯಡಿಯಿಂದ ಒಂದು ಹಳದಿ ತಲೆ ಬಂತು, ಒಂದು ಕಪ್ಪು ತಲೆ ಬಂತು. ಅಕ್ಕ ಕುಕ್ಕುರುಗಾಲಲ್ಲಿ ಕೂತು, ತಮ್ಮ ಕೋಳಿಯನ್ನು ದಿನವೂ ಕರೆಯುವ ಹಾಗೆ ನಾಲಗೆಯಿಂದ ಸದ್ದು ಮಾಡಿ ಕೈ ಚಾಚಿದರು. ಕೋಳಿ ಟಪ್ಪನೆ ಆ ಕೈಗೂ ಕುಕ್ಕಿತು. ಅಕ್ಕ ಕೈ ಉಜ್ಜಿಕೊಳ್ಳುತ್ತಾ ನಕ್ಕರು. "ಈಗ ನನ್ನ ಗುರುತು ಬೇಡ ಅದಕ್ಕೆ."

ಚಾ ಕುಡಿಯುವಾಗ ಅಣ್ಣ, ಕೇಳದೆಯೇ ತಮ್ಮ ಗಲ್ಫಿನ ಕೆಲಸದ ವಿಷಯ ಹೇಳಿದರು. ಅಲ್ಲಿ ಅವರು ಇದ್ದದ್ದು ಶೀತಲ ಗೋದಾಮಿನಲ್ಲಿ. ಹಡಗಿನಿಂದ ಇಳಿಯುವ ಕೋಳಿಯ ಪೆಟ್ಟಿಗೆಗಳನ್ನು ಒಳಗೆ ಜೋಡಿಸುವುದು, ಹೊರಗೆ ಕಳಿಸುವುದು. ಒಂದು ಪೆಟ್ಟಿಗೆಯಲ್ಲಿ ಹತ್ತು. ಕಲ್ಲಿನ ಹಾಗೆ ಗಟ್ಟಿ.

"ಇಪ್ಪತ್ತೆರಡು ವರ್ಷದಲ್ಲಿ ಲಕ್ಷಗಟ್ಟಲೆ ಕೋಳಿ ನನ್ನ ಕೈಯಿಂದ ಹೋಗಿರಬಹುದು," ಎಂದರು. "ಬೆಚ್ಚಗಿನ ಕೋಳಿ ಒಂದೂ ಹಿಡಿದಿರಲಿಲ್ಲ. ಊರಿಗೆ ಬಂದ ಮೇಲೆ ಎಂತ ಮಾಡುದು ಅಂತ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಮಿಷನ್ನು, ಥರ್ಮಾಮೀಟರು. ಅದನ್ನೇ ತಂದೆ."

ಅಕ್ಕ ತಮ್ಮ ಬಸಿಯಲ್ಲಿದ್ದ ಇನ್ನೊಂದು ಬಿಸ್ಕತ್ತನ್ನು ಅವರ ಕಡೆ ಸರಿಸಿದರು.

ಆಮೇಲೆ ಪಾಲಿನ ಮಾತು ಬಂತು. ಕೋಳಿ ಅಕ್ಕನದು, ಮೊಟ್ಟೆ ಅಣ್ಣನದು. ನಮ್ಮಲ್ಲಿ ಕೋಳಿಯನ್ನು ಪಾಲಿಗೆ ಕೊಡುವ ಪದ್ಧತಿ ಹಿಂದಿನಿಂದ ಉಂಟು, ಮರಿಯಲ್ಲಿ ಅರ್ಧ ಅರ್ಧ. "ಎಂಟೂ ನಿಮ್ಮದೇ ಅಕ್ಕ, ಎಲ್ಲ ತೆಗೆದುಕೊಂಡು ಹೋಗಿ," ಎಂದರು ಅಣ್ಣ. ಹೇಳುವಾಗ ಅವರ ಮುಖ ಸಣ್ಣದಾಗಿತ್ತು.

"ಎಂಟೂ ಯಾಕೆ? ಪಾಲು ಪಾಲೇ," ಎಂದರು ಅಕ್ಕ. "ಈಗ ತಾಯಿಯಿಂದ ಬಿಡಿಸ್ಲಿಕ್ಕಿಲ್ಲ. ಕೋಳಿ ಇಲ್ಲೇ ಇರಲಿ. ಮರಿ ದೊಡ್ಡ ಆದ ಮೇಲೆ ನಾಲ್ಕು ನಿಮಗೆ, ನಾಲ್ಕು ಇವಳಿಗೆ ಕೊಡಿ."

ಇವಳಿಗೆ ಎಂದಾಗ ಅವರು ನನ್ನ ಕಡೆ ನೋಡಲಿಲ್ಲ. ನಾನು ಚಾದ ಲೋಟ ಹಿಡಿದುಕೊಂಡು ಕೂತಿದ್ದೆ, ನನ್ನ ವಿಷಯ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೇಡ ಎನ್ನಲು ಬಾಯಿ ತೆರೆದೆ. ನಾನು ಗೂಡಿಗೆ ಎಷ್ಟು ಸಲ ಸುಣ್ಣ ಬಳಿದೆ, ಬಿಸಿಲಿಗೆ ಎಷ್ಟು ವಾರ ಬಿಟ್ಟೆ ಎಂದು ಅಕ್ಕ ಆಗಲೇ ಅಣ್ಣನಿಗೆ ವಿವರಿಸುತ್ತಿದ್ದರು. ಅದನ್ನೆಲ್ಲ ಅವರು ಲೆಕ್ಕವಿಟ್ಟಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಎರಡು ತಿಂಗಳು ಕಳೆದು ನಾಲ್ಕು ಮರಿಗಳು ನನ್ನ ಗಂಡನ ರಿಕ್ಷಾದಲ್ಲಿ ಬಂದವು. ಅಷ್ಟರಲ್ಲಿ ಅವುಗಳಿಗೆ ಚುಚ್ಚುಮದ್ದು ಆಗಿತ್ತು. ಮೇಡಂ ಈಗ ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೀಸೆ ಒಡೆಯುತ್ತಾರೆ, ಭಾನುವಾರವಾದರೆ ನನ್ನನ್ನೂ ಕರೆಯುತ್ತಾರೆ. ರವಿಕೆ ಕೊಡಲು ತಡವಾದರೆ, ಕೋಳಿಗೆ ಸೂಜಿ ಹಾಕಲು ಹೋಗಿದ್ದೆ ಎಂದರೆ ಗಿರಾಕಿಗಳು ಈಗ ಒಪ್ಪುತ್ತಾರೆ.

ಮರಿಗಳನ್ನು ಬೂದು ಹೇಂಟೆಯಿಂದ ಬೇರೆ ಇಟ್ಟೆ. ಹದಿನೈದು ದಿನ ಸಾಲದೆಂದು ಮೇಡಂ ಹೇಳಿದ್ದರಿಂದ ಇಡೀ ಒಂದು ತಿಂಗಳು. ಆಮೇಲೆ ಬಿಟ್ಟಾಗ, ಇಷ್ಟು ದಿನ ಒಂಟಿಯಾಗಿದ್ದ ಬೂದು ಹೇಂಟೆ ಅವುಗಳನ್ನು ತೌಡಿನ ತಟ್ಟೆಯ ಹತ್ತಿರ ಸುಳಿಯಲು ಬಿಡಲಿಲ್ಲ. ಹಿಂದೆ ತಾನು ತಿಂದ ಕುಕ್ಕುಗಳನ್ನೆಲ್ಲ ಒಂದೇ ವಾರದಲ್ಲಿ ಹಂಚಿತು. ಈಗ ಅದೇ ಅಂಗಳದ ಯಜಮಾನಿ.

ಬೆಳ್ತಂಗಡಿಯ ಅಣ್ಣ ಯಂತ್ರವನ್ನು ಬಿಟ್ಟಿಲ್ಲ. ಅದರಲ್ಲಿ ಆದ ಮರಿಗಳನ್ನು ಅಕ್ಕನ ಹೇಂಟೆಯ ರೆಕ್ಕೆಯಡಿಗೆ ಸೇರಿಸಿ ನೋಡುವ ಹೊಸ ಪ್ರಯೋಗ ಶುರು ಮಾಡಿದ್ದಾರೆ. ಅದರ ಬಗ್ಗೆಯೂ ಅಕ್ಕನಿಗೆ ತಕರಾರುಂಟು.

ನನ್ನ ನಾಲ್ಕು ಮರಿಗಳಿಗೆ ಜುಟ್ಟು ಮೂಡತೊಡಗಿದಾಗ ಚಿತ್ರ ತೆಗೆದು ಗುಂಪಿಗೆ ಹಾಕಿ, ಹೇಂಟೆ ಎಷ್ಟು, ಹುಂಜ ಎಷ್ಟು ಹೇಳಿ ಎಂದೆ. ಇಪ್ಪತ್ತು ಉತ್ತರ ಬಂದವು, ಇಪ್ಪತ್ತೂ ಬೇರೆ ಬೇರೆ. ಒಂದು ತಿಂಗಳು ಕಳೆದ ಮೇಲೆ ಬೆಳಿಗ್ಗೆ ಒಂದು ಕೂಗಿತು. ಮಾರನೆಯ ದಿನ ಇನ್ನೊಂದು. ವಾರದ ಕೊನೆಗೆ ಮೂರನೆಯದೂ ಕತ್ತು ಚಾಚಿ, ಒಡೆದ ಪೀಪಿಯ ಹಾಗೆ ಕೂಗಿತು. ನನ್ನ ಗಂಡ ಚಾ ಕುಡಿಯುತ್ತಾ ಅಂಗಳದ ಕಡೆ ನೋಡಿ, ಬಹಳ ದಿನಗಳ ನಂತರ ಗಂಭೀರವಾಗಿ, "ಒಂದು ಮನೆಗೆ ಮೂರು ಹುಂಜ ಎಂತಕ್ಕೆ?" ಎಂದರು.

ನಾನು ಅಂದೇ ಭಟ್ಟರಿಗೆ ಫೋನ್ ಮಾಡಿದೆ. ಅವರ ಹಿತ್ತಿಲಿನ ಹುಂಜ ಮುದಿಯಾಗಿತ್ತು. ಮರುದಿನವೇ ಸ್ಕೂಟರಿನಲ್ಲಿ ಬಂದು, ನನ್ನ ಗಂಡ ಕೆಲಸದಿಂದ ಬರುವಷ್ಟರಲ್ಲಿ ಒಂದನ್ನು ಒಯ್ದರು. ಇನ್ನೊಂದಕ್ಕೆ ಮನೆ ಹುಡುಕುತ್ತಿದ್ದೇನೆ.